ಆಟಿ ತಿಂಗಳ ಅದೃಷ್ಟ ಚೀಟಿ

ಕಳೆದ ವಾರ ಭಾಂಡುಪಿನ ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತಿದ್ದೆ. ಕಿಟಕಿಯ ಆಚೆ ಕೂತ ಹುಡುಗಿ ಒಣಗಿಹೋಗಿದ್ದ ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದು, ಅದರ ಮೇಲೆ ಬಾಟಲಿಯಿಂದ ನೇರಳೆ ಶಾಯಿ ಸುರಿದಳು. ಹೊರಗೆ ಮಳೆ. ಒದ್ದೆ ಕೊಡೆಗಳ ಮುಗ್ಗಲು ವಾಸನೆಯನ್ನು ಮೀರಿ ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಹಿಂದೆ ನಿಂತಿದ್ದವನು "ಕ್ಯಾ ಹುವಾ ಆಂಟಿ?" ಅಂದ. ಏನಂತ ಹೇಳಲಿ? ನಾವೊಂದಷ್ಟು ಹೆಂಗಸರು ಸೇರಿ ಒಂದು ಮಳೆಗಾಲದಲ್ಲಿ ಲಾಟರಿ ನಡೆಸಿದೆವು, ಅದಕ್ಕಾಗಿ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಿ ಬಂದೆವು ಅಂತ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಕೈಯಲ್ಲಿ ಔಷಧಿ ಚೀಲ ಹಿಡಿದು ಮಂಡಿ ನೋವೆಂದು ಕಾಲು ಬದಲಿಸುತ್ತ ನಿಂತ ಹೆಂಗಸನ್ನು ನೋಡಿದರೆ ಯಾರಿಗೂ ಹಾಗನ್ನಿಸುವುದಿಲ್ಲ.

ಅದು ನಾನು ಕೆಲಸದಿಂದ ನಿವೃತ್ತಳಾದ ವರ್ಷ. ಮಂಡ್ಯ ಕಡೆಯ ಹುಡುಗಿ ಮದುವೆಯಾಗಿ ಮುಂಬೈಗೆ ಬಂದು, ದಾದರಿನ ಒಂದು ಆಫೀಸಿನಲ್ಲಿ ಗುಮಾಸ್ತೆಯಾಗಿ, ಲೋಕಲಿನಲ್ಲಿ ನೇತಾಡಿ ನೇತಾಡಿ ತಲೆ ನೆರೆಸಿಕೊಂಡವಳು ನಾನು. ನಿವೃತ್ತಿಯ ಮರುದಿನವೇ ನಮ್ಮ ಕನ್ನಡ ಮಹಿಳಾ ಮಂಡಳದವರು ಮನೆಗೆ ಬಂದು ನನ್ನನ್ನು ಕಾರ್ಯದರ್ಶಿ ಮಾಡಿ ಹೋದರು. ಪ್ರೀತಿಗೇನಲ್ಲ. ಮರಾಠಿಯಲ್ಲಿ ಅರ್ಜಿ ಬರೆಯಲು ಬರುವವಳು ನಾನೊಬ್ಬಳೇ ಇದ್ದೆ. ಮಂಡಳದಲ್ಲಿ ನನ್ನನ್ನು ಬಿಟ್ಟರೆ ಮಿಕ್ಕವರೆಲ್ಲ ಉಡುಪಿ, ಕಾರ್ಕಳ, ಮಂಗಳೂರು ಕಡೆಯವರು, ಹೆಚ್ಚಿನವರದು ಹೋಟೆಲಿನ ಸಂಸಾರ. ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತಾಡಿಕೊಂಡು ನಕ್ಕು, ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು. ನನಗೂ ಛಲ. ಅವರಿಗೆ ಗೊತ್ತಾಗದ ಹಾಗೆ ತುಳು ಕಲಿತೆ.

ಅಧ್ಯಕ್ಷೆ ಜಲಜಕ್ಕ. ಸ್ಟೇಷನ್ನಿನ ಎದುರಿಗಿನ ಉಡುಪಿ ಹೋಟೆಲು ಅವರ ಗಂಡನ ಹೆಸರಿನಲ್ಲಿದೆ. ಆದರೆ ಬೆಳಗಿನ ಸಾಂಬಾರನ್ನು ಜಲಜಕ್ಕ ರುಚಿ ನೋಡಿ ತಲೆಯಾಡಿಸದೆ ಅದು ಗಿರಾಕಿಯ ಮುಂದೆ ಹೋಗುವುದಿಲ್ಲ. ಎತ್ತರದ ಆಳು, ಗಟ್ಟಿ ದನಿ, ಯಾವ ಕೆಲಸವನ್ನೂ ನಾಳೆಗೆ ಇಡದ ಸ್ವಭಾವ. ಸಭೆಯಲ್ಲಿ ನಾವಿಬ್ಬರೂ ಜಗಳವಾಡದ ತಿಂಗಳಿಲ್ಲ. ಜಗಳವಾದ ಮೇಲೆ ಜೊತೆಯಲ್ಲಿ ಚಹಾ ಕುಡಿಯದ ತಿಂಗಳೂ ಇಲ್ಲ.

ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಸುಮತಿಯ ಗಂಡ ತೀರಿಕೊಂಡ. ದಿನೇಶ ಅಂತ, ಜಲಜಕ್ಕನ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದವನು. ನಲವತ್ತು ದಾಟಿರಲಿಲ್ಲ. ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿದ್ದ ಅವನ ತಾಯಿಗೆ ಫೋನು ಹೋಯಿತು. ಆಕೆ ಸಿಕ್ಕಿದ ಮೊದಲ ಬಸ್ಸು ಹತ್ತಿದರು. ಮರುದಿನ ಬೆಳಿಗ್ಗೆ ಮುಟ್ಟಬೇಕಾಗಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮೇ ತಿಂಗಳ ಮುಂಬೈ ಅಂದರೆ ಗೊತ್ತಲ್ಲ, ತುರಿದಿಟ್ಟ ತೆಂಗಿನಕಾಯಿಯೂ ಮಧ್ಯಾಹ್ನದವರೆಗೆ ತಾಳುವುದಿಲ್ಲ. ಹೆಣವನ್ನು ತಂಪಾಗಿ ಇಡುವ ಪೆಟ್ಟಿಗೆ ಪಕ್ಕದ ಒಂದು ಮಂಡಳಿಯವರ ಹತ್ತಿರ ಇತ್ತು, ಆವತ್ತು ಅದು ಬೇರೆ ಯಾರದೋ ಮನೆಯಲ್ಲಿತ್ತು. ಆಸ್ಪತ್ರೆಯ ಶವಾಗಾರದಲ್ಲಿ ಇಡೋಣ ಎಂದರೆ, ಮನೆಯಲ್ಲಿ ಮಲಗಿದವನನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ಸುಮತಿ ಹಟ ಹಿಡಿದಳು. ಮಂಜುಗಡ್ಡೆಯ ಚಪ್ಪಡಿ ತರಿಸಿ ಇಟ್ಟೆವು. ಅದು ಕರಗಿ ನೀರು ಬಾಗಿಲು ದಾಟಿ, ಮೆಟ್ಟಿಲಿನ ಮೇಲೆ ಹರಿದು, ಕೆಳಗಿನ ಮನೆಯವರ ಹೊಸ್ತಿಲಿಗೆ ಹೋಯಿತು. ಬಿಲ್ಡಿಂಗಿನಲ್ಲಿ ಗೊಣಗಾಟ ಶುರುವಾಯಿತು. ಮರುದಿನ ಮಧ್ಯಾಹ್ನ ಹಿರಿಯರು ಇನ್ನು ಕಾಯುವ ಹಾಗಿಲ್ಲ ಎಂದು ಎತ್ತಿಬಿಟ್ಟರು.

ಸ್ಮಶಾನದಿಂದ ಗಂಡಸರು ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ವಾಪಸು ಬರುವುದಕ್ಕೂ ಆ ತಾಯಿ ರಿಕ್ಷಾದಿಂದ ಇಳಿಯುವುದಕ್ಕೂ ಸರಿಹೋಯಿತು. ಆಕೆ ಅಳಲಿಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ಓಡಿಬಂದ ಸೊಸೆಯನ್ನು ನೋಡಿ, "ಒಮ್ಮೆ ಮುಖ ನೋಡ್ಲಿಕ್ಕೆ ಬಿಡ್ಲಿಲ್ಲ ಅಲ್ವಾ ನೀನು ನನ್ನನ್ನು?" ಎಂದರು. ಹನ್ನೊಂದನೆಯ ದಿನದ ಕ್ರಿಯೆ ಮುಗಿಸಿ ಊರಿಗೆ ಹೋದವರು ಸುಮತಿಯ ಜೊತೆ ಮಾತು ಬಿಟ್ಟರು. ಇವಳು ಫೋನು ಮಾಡಿದರೆ ಎತ್ತಿ, ದನಿ ಕೇಳಿ, ಮೊಮ್ಮಗಳ ಹತ್ತಿರ ಕೊಡು ಅನ್ನುತ್ತಿದ್ದರಂತೆ, ಅಷ್ಟೆ. ಸುಮತಿ ಅನ್ನ ಬಿಟ್ಟು ಒಣಗಿದಳು. ಗಂಡ ಹೋದದ್ದಕ್ಕಿಂತ ಈ ಮಾತು ಅವಳನ್ನು ತಿನ್ನುತ್ತಿತ್ತು.

ಜೂನಿನ ಸಭೆಗೆ ಅವಳು ಬಂದಳು. ಮೂಲೆಯಲ್ಲಿ ಕೂತು ಎಲ್ಲ ಮುಗಿಯುವ ತನಕ ಸುಮ್ಮನಿದ್ದು ಕೊನೆಗೆ ಎದ್ದು ನಿಂತು ಹೇಳಿದಳು, "ಅಂಥದ್ದೊಂದು ಪೆಟ್ಟಿಗೆ ನಮ್ಮ ಮಂಡಳಕ್ಕೆ ಬೇಕು. ನನಗೆ ಆದದ್ದು ಆಯ್ತು. ಇನ್ನೊಬ್ಬಳ ಅತ್ತೆ ಹಾಗೆ ಮೆಟ್ಟಿಲಿನಲ್ಲಿ ಕೂತ್ಕೊಳ್ಳುದು ಬೇಡ."

ಎಲ್ಲರ ಕಣ್ಣಲ್ಲೂ ನೀರು. ಆದರೆ ಕಣ್ಣೀರು ಒರೆಸಿಕೊಂಡ ಮೇಲೆ ಎದ್ದದ್ದು ಬೇರೆಯೇ ಮಾತು. ಅಂಥ ಪೆಟ್ಟಿಗೆಗೆ ದೇಣಿಗೆ ಕೇಳುವುದು ಹೇಗೆ? ದೇವಸ್ಥಾನಕ್ಕೆ ಅಂದರೆ ಕೊಡುತ್ತಾರೆ, ಮಕ್ಕಳ ಪುಸ್ತಕಕ್ಕೆ ಅಂದರೆ ಕೊಡುತ್ತಾರೆ. ಇದಕ್ಕೆ ಕೈ ಚಾಚಿದರೆ ಅಪಶಕುನ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಸಭೆಯಲ್ಲಿಯೇ ಯಾರೂ ಅದರ ಹೆಸರು ಹೇಳುತ್ತಿರಲಿಲ್ಲ, 'ಅದು' ಅಂತಿದ್ದರು. ಆಗ ಜಲಜಕ್ಕ ತೊಡೆ ತಟ್ಟಿದರು.

"ಲಾಟರಿ ಮಾಡುವ. ಹತ್ತು ರೂಪಾಯಿ ಚೀಟಿ. ಗ್ರೈಂಡರ್, ಕುಕ್ಕರ್, ಸೀರೆ, ಎಂತ ಬೇಕಾದ್ರೂ ನಾನು ಕೊಡಿಸ್ತೇನೆ ಬಹುಮಾನಕ್ಕೆ. ಆಟಿಯ ಕೂಟ ಹೇಗೂ ಉಂಟಲ್ಲ, ಅವತ್ತೇ ಎತ್ತುವ."

ಆಟಿ ಅಂದರೆ ತುಳುವರ ಲೆಕ್ಕದ ಮಳೆಗಾಲದ ತಿಂಗಳು, ನಮ್ಮ ಕಡೆಯ ಆಷಾಢದ ತಮ್ಮ ಅನ್ನಬಹುದು. ಮದುವೆ ಮುಂಜಿ ಯಾವುದೂ ಇಲ್ಲ, ಹಿಂದೆಲ್ಲ ಉಣ್ಣಲಿಕ್ಕೂ ಗತಿಯಿಲ್ಲದ ತಿಂಗಳಂತೆ. ಆಗ ತೀರಿಹೋದವರಿಗೆ ಬಡಿಸುತ್ತಾರೆ, ಕೆಸುವಿನ ಎಲೆಯ ಪತ್ರೊಡೆ ಮಾಡುತ್ತಾರೆ, ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುತ್ತಾರೆ. ಮುಂಬೈಯಲ್ಲಿ ಅದನ್ನೇ ಒಂದು ಭಾನುವಾರದ ಕೂಟ ಮಾಡಿಕೊಂಡಿದ್ದಾರೆ. ನಾನು ಬಾಯಿ ತಪ್ಪಿ, "ಅಲ್ಲಾ ಕಣ್ರೀ, ಅಶುಭದ ತಿಂಗಳಲ್ಲಿ ಯಾರಾದ್ರೂ ಅದೃಷ್ಟ ಮಾರ್ತಾರಾ?" ಅಂದೆ.

"ಶಾರದಾ, ಆಟಿಯಲ್ಲಿ ಅಲ್ಲದಿದ್ರೆ ಈ ಕೆಲಸ ಇನ್ನು ಯಾವಾಗ ಮಾಡುದು? ಶ್ರಾವಣದಲ್ಲಾ? ನೀನು ಅರ್ಜಿ ಬರಿ," ಎಂದರು ಜಲಜಕ್ಕ. ಅಲ್ಲಿಗೆ ನಿರ್ಣಯವಾಯಿತು.

ಲಾಟರಿ ಅಂದರೆ ಮನೆಯ ಚೀಟಿ ಎತ್ತಿದ ಹಾಗಲ್ಲ, ಸರಕಾರದ ಒಪ್ಪಿಗೆ ಬೇಕು ಎಂದು ನನಗೆ ಗೊತ್ತಿತ್ತು. ಮಂಡಳದ ನೋಂದಣಿ ಕಾಗದ, ಹಳೆಯ ವರದಿ, ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಜಲಜಕ್ಕನೂ ನಾನೂ ಹೊರಟೆವು. ಹಳಿಯ ಮೇಲೆ ನೀರು ನಿಂತು ಗಾಡಿ ತೆವಳುತ್ತಿತ್ತು. ದಾದರಿನಲ್ಲಿ ಇಳಿದು ಸೇತುವೆ ಹತ್ತಿ, ಆಚೆ ಗಾಡಿ ಹಿಡಿದು ಬಾಂದ್ರಾಕ್ಕೆ ಹೋಗುವಷ್ಟರಲ್ಲಿ ಇಬ್ಬರೂ ಮಂಡಿಯವರೆಗೆ ನೆನೆದಿದ್ದೆವು. ಅಲ್ಲಿನ ಕಲೆಕ್ಟರ್ ಕಚೇರಿಯ ಗುಮಾಸ್ತ ಒಳ್ಳೆಯ ಮನುಷ್ಯ. ನಿಯಮ ಬಿಡಿಸಿ ಹೇಳಿದ. ಹಣದ ಬಹುಮಾನ ಕೊಡುವ ಹಾಗಿಲ್ಲ, ವಸ್ತು ಮಾತ್ರ. ಚೀಟಿಯನ್ನು ಕೂಟ ನಡೆಯುವ ದಿನ, ಕೂಟ ನಡೆಯುವ ಹಾಲಿನೊಳಗೇ ಮಾರಬೇಕು. ಎಲ್ಲರೆದುರು ಎತ್ತಬೇಕು. ಒಪ್ಪಿಗೆ ಪತ್ರ ಬರುವ ಮುಂಚೆ ಒಂದು ಚೀಟಿಯೂ ಹೊರಗೆ ಕಾಣಬಾರದು, ಪೊಲೀಸ್ ಠಾಣೆಯಿಂದ ತಕರಾರಿಲ್ಲ ಎಂಬ ಪತ್ರವೂ ಬೇಕು. ಇಷ್ಟು ಹೇಳಿ, ಅರ್ಜಿ ಮುಟ್ಟಿದ್ದಕ್ಕೆ ಗುರುತಾಗಿ ನಮ್ಮ ಪ್ರತಿಯ ಮೇಲೆ ಧಪ್ಪೆಂದು ನೇರಳೆ ಶಾಯಿಯ ಮುದ್ರೆ ಒತ್ತಿಕೊಟ್ಟ.

ಅವನು ಹೇಳಿದ್ದು ಮರಾಠಿಯಲ್ಲಿ, ಜಲಜಕ್ಕ ಕೇಳಿಸಿಕೊಂಡದ್ದು ಅರ್ಧ, ನೋಡಿದ್ದು ಮಾತ್ರ ಪೂರ್ತಿ ಆ ಮುದ್ರೆಯನ್ನು. ವಾಪಸು ಬರುವ ಗಾಡಿಯಲ್ಲಿ, "ಮುದ್ರೆ ಬಿತ್ತಲ್ಲ, ಆಯ್ತು" ಎಂದರು. ಇದು ಬರೀ ಅರ್ಜಿ ತಲುಪಿದ್ದಕ್ಕೆ, ಒಪ್ಪಿಗೆ ಇನ್ನೂ ಬರಬೇಕು ಎಂದು ನಾನು ಕುರ್ಲಾದಲ್ಲೊಮ್ಮೆ, ಘಾಟ್‌ಕೋಪರಿನಲ್ಲೊಮ್ಮೆ ಹೇಳಿದೆ. ಹೂಂ ಹೂಂ ಅಂದರು. ಮರುವಾರ ನೋಡಿದರೆ ಚೀಟಿ ಪುಸ್ತಕಗಳು ಪ್ರೆಸ್ಸಿನಿಂದ ಬಂದು ಕಟ್ಟುಕಟ್ಟಾಗಿ ಹೋಟೆಲಿನ ಗಲ್ಲಾದ ಕೆಳಗೆ ಕೂತಿವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ರೇಗಿದೆ. "ಕುಲಾವಿ ಇಟ್ರೆ ಕೊಳೆಯುದಿಲ್ಲ ಮಾರಾಯ್ತಿ," ಎಂದು ನಕ್ಕರು.

ಕೊಳೆಯಲಿಲ್ಲ, ನಡೆದಾಡಿತು. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಒಂದು ಕೈ ಅಭ್ಯಾಸವಿದೆ. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುತ್ತಾರೆ ನಿಜ, ಆದರೂ ಸ್ಟೇಷನ್ ಎದುರಿನ ಹೋಟೆಲಿಗೆ ರಿಕ್ಷಾದವರು, ತರಕಾರಿಯವರು, ಹಮಾಲರು ನೋಟು ಹಿಡಿದೇ ಬರುತ್ತಾರೆ. ಚಿಲ್ಲರೆ ಇಲ್ಲದಾಗ ಪೆಪ್ಪರಮಿಂಟು ಕೊಡುವುದು ರೂಢಿ. ಗಲ್ಲಾದ ಸದಾನಂದ ಹಳೆಯ ಕೆಲಸಗಾರ, ಮಂಡಳದ ಮೇಲೆ ಬಹಳ ಅಭಿಮಾನ. ಹತ್ತು ರೂಪಾಯಿ ವಾಪಸು ಕೊಡಬೇಕಾದ ಕಡೆಯಲ್ಲೆಲ್ಲ ಒಂದೊಂದು ಚೀಟಿ ಹರಿದುಕೊಟ್ಟ. ಯಾರೂ ಹೇಳಿರಲಿಲ್ಲ, ಅವನ ಕೈಯೇ ಹೇಳಿತ್ತು. ಮೂರು ನಾಲ್ಕು ದಿನ ನಮಗೆ ಸುದ್ದಿಯೇ ಇಲ್ಲ. ಬಹುಮಾನ ಎಲ್ಲಿ ಸಿಗುತ್ತದೆ ಎಂದು ಕೇಳುತ್ತ ಜನ ಬರತೊಡಗಿದಾಗ ಜಲಜಕ್ಕನಿಗೆ ಗೊತ್ತಾಯಿತು. ಅಷ್ಟರಲ್ಲಿ ಯಾರೋ ಹೋಟೆಲಿನಲ್ಲಿ ಅಕ್ರಮ ಲಾಟರಿ ನಡೆಯುತ್ತಿದೆ ಎಂದು ಠಾಣೆಗೆ ದೂರು ಕೊಟ್ಟಾಗಿತ್ತು.

ಠಾಣೆಗೆ ನಾವು ಮೂವರು ಹೋದೆವು, ಜಲಜಕ್ಕ, ನಾನು, ಬೇಡವೆಂದರೂ ಕೇಳದೆ ಸುಮತಿ. ಎದುರಿಗೆ ಕೂತ ಹವಾಲ್ದಾರ್ ಸಾಹೇಬರು ದಪ್ಪ ಮೀಸೆಯವರು. ಮೇಜಿನ ಡ್ರಾಯರ್ ಎಳೆದು ನಮ್ಮದೇ ಒಂದು ಚೀಟಿ ತೆಗೆದು ಮುಂದಿಟ್ಟರು.

"ಬಾಯಿ, ಹೇ ಕಾಯ್ ಆಹೆ?"

ಇದೇನು ಅಂತ ಕೇಳಿದರೆ ನಾವೇನು ಹೇಳುವುದು? ಚಹಾ ಕುಡಿಯಲು ಬಂದ ಅವರ ಕೈಗೂ ಸದಾನಂದ ಚಿಲ್ಲರೆಯ ಬದಲು ಅದನ್ನು ತುರುಕಿದ್ದ. ಜಲಜಕ್ಕನಂಥ ಜಲಜಕ್ಕನ ದನಿ ಬಿದ್ದುಹೋಯಿತು. ನಾನು ಅರ್ಜಿಯ ಪ್ರತಿ ತೋರಿಸಿ, ಇದು ವ್ಯಾಪಾರವಲ್ಲ, ಧರ್ಮಕಾರ್ಯ, ತಪ್ಪು ಗಲ್ಲಾದಲ್ಲಿ ಆಗಿದೆ, ಲೋಭದಿಂದ ಆದದ್ದಲ್ಲ ಎಂದು ಮರಾಠಿಯಲ್ಲಿ ವಿವರಿಸಿದೆ. ಅವರು ಕೇಳಿಸಿಕೊಂಡರು. ಇಷ್ಟೆಲ್ಲ ಚೀಟಿ ಊರಿನಲ್ಲಿ ತಿರುಗುತ್ತಿರುವಾಗ ನಾನು ತಕರಾರಿಲ್ಲ ಅಂತ ಹೇಗೆ ಬರೆದುಕೊಡಲಿ, ನೀವೇ ಹೇಳಿ, ಎಂದರು. ಚೀಟಿಯ ಬುಡದ ಅರ್ಧಗಳಲ್ಲಿ ನಂಬರು ಇದೆಯಲ್ಲ, ಹೋದದ್ದೆಲ್ಲ ವಾಪಸು ತಂದು ತೋರಿಸಿದರೆ ನೋಡೋಣ, ಇಲ್ಲದಿದ್ದರೆ ಕೂಟ ಮಾಡಿ, ಪತ್ರೊಡೆ ತಿನ್ನಿ, ಲಾಟರಿ ಮರೆತುಬಿಡಿ.

ಹೊರಗೆ ಬಂದ ಮೇಲೆ ಜಲಜಕ್ಕ ಠಾಣೆಯ ಗೋಡೆಗೆ ಒರಗಿ ನಿಂತರು. "ಬಿಟ್ಟುಬಿಡುವ ಶಾರದಾ. ನನ್ನ ಹೋಟೆಲಿನಿಂದಲೇ ಕೆಲಸ ಕೆಟ್ಟಿತು. ಸ್ಟೇಷನ್ನಿಗೆ ಬಂದುಹೋಗುವವರನ್ನು ಎಲ್ಲಿ ಅಂತ ಹುಡುಕುದು?"

ಸುಮತಿ ಕೊಡೆ ಬಿಚ್ಚುತ್ತ ಹೇಳಿದಳು, "ಹುಡುಕುದು ಬೇಡ ಜಲಜಕ್ಕ. ದಿನಾ ಚಾ ಕುಡಿಯುವವರು ನಾಳೆಯೂ ಬರ್ತಾರೆ. ಗಲ್ಲಾದ ಹತ್ತಿರ ನಾನು ಕೂತ್ಕೊಳ್ತೇನೆ."

ಅದು ಸುಲಭದ ಮಾತಾಗಿರಲಿಲ್ಲ. ಗಂಡ ಹೋಗಿ ಎರಡು ತಿಂಗಳೂ ತುಂಬದ ಹೆಣ್ಣು, ಅದೂ ಬೆಳಗಿನ ಹೊತ್ತು, ಹೋಟೆಲಿನ ಬಾಗಿಲಿನಲ್ಲಿ. ಮಂಡಳದಲ್ಲೇ ಇಬ್ಬರು ಮೂಗು ಮುರಿದರು. ಜಲಜಕ್ಕನ ಗಂಡ, ಪಾಪ ಒಳ್ಳೆಯವರು, ಗಿರಾಕಿಗಳು ಏನಂದುಕೊಳ್ಳುತ್ತಾರೋ ಎಂದು ರಾಗ ಎಳೆದರು. "ಇವಳ ಮುಖ ನೋಡಿ ಯಾರಿಗೆ ಅಪಶಕುನ ಆಗ್ತದೋ ಅವರು ಬೇರೆ ಕಡೆ ಹೋಗ್ಲಿ. ನಮ್ಮ ಸಾಂಬಾರು ಅಲ್ಲಿ ಸಿಗುದಿಲ್ಲ," ಎಂದು ಜಲಜಕ್ಕ ಒಂದೇ ಮಾತಿಗೆ ಮುಗಿಸಿದರು. ಆ ಗಳಿಗೆಯಲ್ಲಿ ನನಗೆ ಆ ಹೆಂಗಸಿನ ಮೇಲೆ ಹುಟ್ಟಿದ ಅಭಿಮಾನ ಇವತ್ತಿಗೂ ಇಳಿದಿಲ್ಲ, ಅವರ ಜೊತೆ ಜಗಳ ಇವತ್ತಿಗೂ ನಿಂತಿಲ್ಲ.

ಗಲ್ಲಾದ ಪಕ್ಕ ಒಂದು ಸ್ಟೂಲು, ಒಂದು ಸ್ಟೀಲ್ ಡಬ್ಬ. ಚೀಟಿ ತಂದವರಿಗೆ ಹತ್ತು ರೂಪಾಯಿ ವಾಪಸು, ಮೇಲೊಂದು ಚಹಾ ಹೋಟೆಲಿನ ಲೆಕ್ಕದಲ್ಲಿ. ಬೆಳಗಿನ ಗಿರಾಕಿಗಳ ಹೊತ್ತಿಗೆ ಸುಮತಿ, ಮಧ್ಯಾಹ್ನ ನಾವು ಸರದಿಯ ಪ್ರಕಾರ. ಸದಾನಂದ ಅವಮಾನದಿಂದ ತಲೆಯೆತ್ತದೆ, ಬರುವ ಪ್ರತಿಯೊಬ್ಬನ ಮುಖ ನೆನಪು ಮಾಡಿಕೊಂಡು "ಇವರಿಗೆ ಕೊಟ್ಟಿದ್ದೆ, ಕೇಳಿ, ಇವರಿಗೆ ಕೊಟ್ಟಿದ್ದೆ" ಎಂದು ಪಿಸುಗುಡುತ್ತಿದ್ದ. ಜನ ಸುಮ್ಮನೆ ಕೊಟ್ಟು ಹೋಗುತ್ತಾರೆಯೇ? ಯಾಕೆ ವಾಪಸು, ಲಾಟರಿ ಯಾತಕ್ಕೆ ಎಂದು ಕೇಳುತ್ತಿದ್ದರು. ಮೊದಲನೆಯ ದಿನ ನಾನು ಪಕ್ಕದಲ್ಲಿದ್ದೆ. ಸಮಾಜಸೇವೆಗೆ ಅಂತ ಹೇಳು ಎಂದು ಕಣ್ಸನ್ನೆ ಮಾಡಿದೆ. ಸುಮತಿ ಕೇಳಿದವರಿಗೆಲ್ಲ ಹಿಂದಿಯಲ್ಲಿ ನೇರವಾಗಿ ಹೇಳಿದಳು, ಹೆಣ ಇಡುವ ತಂಪಿನ ಪೆಟ್ಟಿಗೆಗೆ, ಊರಿನಿಂದ ಅಮ್ಮ ಬರುವ ತನಕ ಮಗ ಕಾಯಬೇಕಲ್ಲ, ಅದಕ್ಕೆ. ನಾವೆಲ್ಲ ಬಾಯಿಗೆ ತರಲು ಅಂಜಿದ ಮಾತನ್ನು ಅವಳು ಚಹಾದ ಲೋಟಗಳ ಸದ್ದಿನ ನಡುವೆ ಮತ್ತೆ ಮತ್ತೆ ಹೇಳಿದಳು.

ಗಿರಾಕಿ ಓಡಿಹೋಗುತ್ತಾನೆ ಎಂದುಕೊಂಡಿದ್ದೆ. ಯಾರೂ ಓಡಲಿಲ್ಲ. ಸ್ಟೇಷನ್ನಿನ ಎದುರು ಚಹಾ ಕುಡಿಯುವವರಲ್ಲಿ ಊರು ದೂರ ಇಲ್ಲದವರು ಯಾರಿದ್ದಾರೆ? ಜೌನಪುರದ ಒಬ್ಬ ರಿಕ್ಷಾದವನು ಚೀಟಿ ಡಬ್ಬಕ್ಕೆ ಹಾಕಿ, ಚಹಾ ಕುಡಿದು, ಹೋಗದೆ ನಿಂತ. ಅವನ ಊರಿಗೆ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದಾಟಬೇಕು.

"ಭಾಭೀ, ಹಮ್ ಲೋಗೋಂ ಕೋ ಭೀ ಮಿಲೇಗಾ ಕ್ಯಾ?"

ನಮಗೂ ಸಿಗುತ್ತದಾ ಎಂದು ಅವನು ಕೇಳಿದ್ದು. ನಮ್ಮ ಠರಾವಿನಲ್ಲಿ ಕನ್ನಡಿಗರ ಉಪಯೋಗಕ್ಕೆ ಎಂದು ನಾನೇ ಬರೆದಿದ್ದೆ. ಸುಮತಿ ನನ್ನ ಕಡೆಯಾಗಲಿ ಜಲಜಕ್ಕನ ಕಡೆಯಾಗಲಿ ನೋಡಲಿಲ್ಲ.

"ಮಿಲೇಗಾ. ಸಬ್ ಕೋ ಮಿಲೇಗಾ," ಅಂದಳು.

ಜಲಜಕ್ಕ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡರು. ನನ್ನ ಹತ್ತಿರ ಬಂದು, "ಕೊಟ್ಟ ಮಾತು ಆಯ್ತಲ್ಲ. ಬರೆದದ್ದನ್ನು ತಿದ್ದು," ಎಂದರು. ನಾನು ಆ ಸಂಜೆಯೇ ತಿದ್ದಿದೆ.

ವಾರ ಕಳೆಯುವಷ್ಟರಲ್ಲಿ ಡಬ್ಬ ತುಂಬಿತು. ಆ ರಿಕ್ಷಾದವನೇ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿ ಜೇಬು ಬಿಚ್ಚಿಸಿದ. ತರಕಾರಿಯವಳೊಬ್ಬಳು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದನ್ನು ತಂದಳು. ಬುಡದ ನಂಬರುಗಳ ಜೊತೆ ಹೊಂದಿಸಿ ನೋಡಿದರೆ ಒಂದೇ ಒಂದು ಕಡಿಮೆ. ಅದು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಮತ್ತೆ ಠಾಣೆಗೆ ಹೋದೆವು. ಹವಾಲ್ದಾರ್ ಸಾಹೇಬರು ಡಬ್ಬ ತಿರುವಿ ನೋಡಿ, ಮೀಸೆಯ ಕೆಳಗೇ ಮೆಚ್ಚಿಕೊಂಡರು. ಆದರೆ ತಮ್ಮ ಡ್ರಾಯರಿನಲ್ಲಿದ್ದ ಚೀಟಿ ಮಾತ್ರ ಕೊಡಲೊಲ್ಲರು, ಅದು ಪುರಾವೆಯಂತೆ. ಆ ಹೊತ್ತಿಗೆ ಜಲಜಕ್ಕನ ದನಿ ವಾಪಸು ಬಂದಿತ್ತು. ಸೆರಗಿನ ಗಂಟು ಬಿಚ್ಚಿ, ಅವರಿಗೆ ಸಲ್ಲಬೇಕಾದ ಚಿಲ್ಲರೆ ಹತ್ತು ರೂಪಾಯಿ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಹರಕು ಹಿಂದಿಯಲ್ಲಿ, "ಸಾಹೇಬ್, ಆಪ್ ಕಾ ಛುಟ್ಟಾ. ಹಮಾರಾ ಚೀಟಿ ದೇದೋ," ಎಂದರು. ಅವರು ನೋಟನ್ನು ನೋಡಿದರು, ಜಲಜಕ್ಕನನ್ನು ನೋಡಿದರು, ಪಕ್ಕದ ಮೇಜಿನ ಪೇದೆ ಕಿಸಕ್ಕನೆ ನಕ್ಕದ್ದನ್ನೂ ನೋಡಿದರು. ಚೀಟಿ ಡಬ್ಬಕ್ಕೆ ಬಿತ್ತು. ತಕರಾರಿಲ್ಲ ಎಂಬ ಪತ್ರಕ್ಕೆ ಎರಡು ದಿನ ಬಿಟ್ಟು ಬನ್ನಿ ಎಂದರು, ಹೇಳಿದ ದಿನವೇ ಕೊಟ್ಟರು. ಬಾಂದ್ರಾದ ಕಚೇರಿಯಿಂದ ಒಪ್ಪಿಗೆಯೂ ಕೂಟಕ್ಕೆ ಮೊದಲೇ ಬಂತು. ಜಲಜಕ್ಕ ಈ ಸಲ ಮುದ್ರೆ ನೋಡಿ ಸುಮ್ಮನಾಗಲಿಲ್ಲ. ಕನ್ನಡಕ ಏರಿಸಿಕೊಂಡು, "ಒಂದೊಂದೇ ಸಾಲು ಓದಿ ಅರ್ಥ ಹೇಳು" ಎಂದು ನನ್ನನ್ನು ಕೂರಿಸಿಕೊಂಡರು.

ಆಟಿಯ ಕೂಟದ ಭಾನುವಾರ ಆಕಾಶ ಹರಿದ ಹಾಗೆ ಮಳೆ. ಬಾಡಿಗೆಗೆ ಹಿಡಿದಿದ್ದ ಶಾಲೆಯ ಹಾಲಿನಲ್ಲಿ ನಾವೇ ನಾವು ಕೂತು ಪತ್ರೊಡೆ ತಿನ್ನಬೇಕಾಗುತ್ತದೆ, ಹಾಲಿನೊಳಗೇ ಮಾರಬೇಕಾದ ಚೀಟಿ ಯಾರು ಕೊಳ್ಳುತ್ತಾರೆ ಎಂದು ನಾನು ಬಾಗಿಲಿಗೆ ಹೋಗಿ ಹೋಗಿ ನೋಡುತ್ತಿದ್ದೆ. ನಮ್ಮ ಮನೆಗಳವರು ಬಂದರು. ಮಲಾಡಿನಿಂದ, ಇನ್ನೂ ಆಚೆಯಿಂದ ನೆಂಟರು ಬಂದರು. ಆಮೇಲೆ ಬಾಗಿಲಿನಲ್ಲಿ ಕೊಡೆಗಳ ರಾಶಿ ಬೆಳೆಯತೊಡಗಿತು. ರಿಕ್ಷಾ ಸ್ಟ್ಯಾಂಡಿನವರು, ತರಕಾರಿಯವಳು, ಹಮಾಲರು, ಸುಮತಿಯ ಬಿಲ್ಡಿಂಗಿನಲ್ಲಿ ಮೆಟ್ಟಿಲಿನ ನೀರಿಗೆ ಗೊಣಗಿದ ಕೆಳಗಿನ ಮನೆಯವರು ಕೂಡ. ಅವರಲ್ಲಿ ಯಾರಿಗೂ ತುಳು ಹಾಡು ಅರ್ಥವಾಗಲಿಲ್ಲ, ಚಪ್ಪಾಳೆ ಮಾತ್ರ ಎಲ್ಲರಿಗಿಂತ ಅವರದೇ ಜೋರು. ಒಂದು ವಾರ ಹೋಟೆಲಿನ ಬಾಗಿಲಿನಲ್ಲಿ ಸುಮತಿ ಆಡಿದ ಮಾತು ಅವರನ್ನೆಲ್ಲ ಅಲ್ಲಿಗೆ ತಂದಿತ್ತು. ಗಲ್ಲಾದಿಂದ ತಪ್ಪಾಗಿ ಹೋದ ಚೀಟಿಗಳು ಸರಿಯಾದ ಬಾಗಿಲಿನಿಂದ ಮತ್ತೆ ಮಾರಾಟವಾದವು, ಪುಸ್ತಕಗಳು ಊಟಕ್ಕೆ ಮೊದಲೇ ಖಾಲಿ.

ಎತ್ತುವ ಹೊತ್ತಿಗೆ ಹವಾಲ್ದಾರ್ ಸಾಹೇಬರು ಸಾಕ್ಷಿಯಾಗಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಊರಿನ ಬಸ್ಸಿನಲ್ಲಿ ತರಿಸಿದ ತೊಗಟೆಯ ಕಷಾಯವನ್ನು ಜಲಜಕ್ಕ ಗೌರವದಿಂದ ಅವರ ಕೈಗೆ ಕೊಟ್ಟರು. ಒಂದೇ ಗುಟುಕಿಗೆ ಅವರ ಮೀಸೆ ಎರಡೂ ಕಡೆ ಎದ್ದು ನಿಂತದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯಲಾಗುವುದಿಲ್ಲ. ಗ್ರೈಂಡರ್ ಹೋದದ್ದು ಒಬ್ಬ ಹಮಾಲನಿಗೆ. ಇಟ್ಟುಕೊಳ್ಳಲು ಖೋಲಿಯಲ್ಲಿ ಜಾಗವಿಲ್ಲ ಎಂದು ಅವನು ತಲೆ ಕೆರೆದುಕೊಂಡ, ಹೆಗಲ ಮೇಲೆ ಹೊತ್ತುಕೊಂಡು ಮಳೆಯಲ್ಲಿ ಹೋದ. ಕೊನೆಗೆ ಜಲಜಕ್ಕ ಮೈಕು ಹಿಡಿದು ಪೆಟ್ಟಿಗೆಗೆ ಬೇಕಾದಷ್ಟು ಆಯಿತು ಎಂದರು. ಅದರ ಹೆಸರನ್ನು ಪೂರ್ತಿ ಹೇಳಿದರು. ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ಹೆಣದ ಪೆಟ್ಟಿಗೆಗೆ ಅಷ್ಟು ಚಪ್ಪಾಳೆ ಬಿದ್ದದ್ದು ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದರೆ ಹೇಳಲಿ, ನಾನು ಕೇಳುತ್ತೇನೆ. ನನ್ನ ಬದುಕಿನಲ್ಲಿ ಬಡ್ತಿ ಸಿಕ್ಕಿದೆ, ನಿವೃತ್ತಿಯ ದಿನ ಶಾಲು ಹೊದಿಸಿದ್ದಾರೆ. ಆವತ್ತು ಎದೆ ಉಬ್ಬಿದ ಹಾಗೆ ಎಂದೂ ಉಬ್ಬಿರಲಿಲ್ಲ.

ಪೆಟ್ಟಿಗೆ ಗಣಪತಿ ಹಬ್ಬಕ್ಕೆ ಮುಂಚೆ ಬಂತು. ಹೋಟೆಲಿನ ಹಿಂದಿನ ಗೋದಾಮಿನಲ್ಲಿ ಅದಕ್ಕೆ ಜಾಗ. ಬೀಗದ ಕೈ ಸುಮತಿಯ ಹತ್ತಿರ ಇರಲಿ ಎಂದು ಎಲ್ಲರೂ ಒಪ್ಪಿದೆವು. ಮಳೆ ಬಿಡುವ ಹೊತ್ತಿಗೆ ಮೊದಲ ಕರೆ ಬಂತು. ರಿಕ್ಷಾ ಸ್ಟ್ಯಾಂಡಿನ ಹುಡುಗರ ಖೋಲಿಯಲ್ಲಿ ಒಬ್ಬ ಜ್ವರದಿಂದ ಸತ್ತಿದ್ದ, ಅವನ ತಾಯಿ ಉತ್ತರದಿಂದ ರೈಲು ಹತ್ತಿದ್ದಳು. ಸುಮತಿ ಪೆಟ್ಟಿಗೆಯ ಜೊತೆ ಹೋದಳು, ಪ್ಲಗ್ ಸಿಕ್ಕಿಸಿದಳು, ಕರೆಂಟು ಹೋದರೆ ಎಂದು ಅಲ್ಲೇ ಕಾವಲು ಕೂತಳು. ಆ ತಾಯಿ ಮೂರನೆಯ ದಿನ ಬೆಳಿಗ್ಗೆ ಬಂದಳು. ಗಾಜಿನ ಮುಚ್ಚಳ ತೆಗೆಸಿ, ಮಗನ ಕೆನ್ನೆ ಹಿಡಿದು, ಬೇಕಾದಷ್ಟು ಹೊತ್ತು ನೋಡಿದಳು, ಬೇಕಾದಷ್ಟು ಅತ್ತಳು. ಯಾರೂ ಅವಳನ್ನು ಅವಸರ ಮಾಡಲಿಲ್ಲ. ನಾನು ಅಲ್ಲೇ ಇದ್ದೆ.

ಎಲ್ಲ ಮುಗಿದ ಮೇಲೆ ಸುಮತಿಯನ್ನು ಮನೆಗೆ ಬಿಡಲು ಹೋದೆ. ಅವಳು ಸ್ನಾನ ಮಾಡಿ ಬಂದು, ತಲೆ ಒರೆಸದೆ, ನೇರ ಫೋನು ತೆಗೆದುಕೊಂಡು ಊರಿಗೆ ಹಚ್ಚಿದಳು. ಒದ್ದೆ ಬೆರಳಿಗೆ ಸ್ಪೀಕರ್ ಬಟನ್ನು ಒತ್ತಿಹೋಯಿತು. ಅತ್ತೆ ಎತ್ತಿದರು, ಎಂದಿನಂತೆ ಮೊಮ್ಮಗಳ ಹತ್ತಿರ ಕೊಡು ಎಂದರು. ಸುಮತಿ ಕೊಡಲಿಲ್ಲ. ತುಳುವಿನಲ್ಲಿ ಒಂದೇ ಉಸಿರಿಗೆ ಹೇಳಿದಳು, "ಅತ್ತೆ, ಇವತ್ತು ಒಬ್ಬಳು ಅಮ್ಮ ಬಂದು ಮಗನ ಮುಖ ನೋಡಿದಳು. ನಾವು ಇಟ್ಟುಕೊಂಡು ಕಾದೆವು."

ಅತ್ತೆ ಫೋನು ಇಟ್ಟುಬಿಟ್ಟರೇನೋ ಅಂದುಕೊಂಡೆ.

"ಎಲ್ಲಿಂದ ಬಂದದ್ದು ಅವಳು?" ಎಂದು ಕೇಳಿದರು.

"ದೂರದಿಂದ ಅತ್ತೆ, ರೈಲಿನಲ್ಲಿ."

"ಅವಳಿಗೆ ಏನಾದ್ರೂ ತಿನ್ನಿಸಿದಿಯಾ?"

"ಗಂಜಿ ಕೊಟ್ಟೆ."

ಊರಿನ ಮಳೆಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ನೀನು ತಿಂದಿಯಾ ಮಗಾ?"

ಸುಮತಿ ಗೋಡೆ ಹಿಡಿದು ಕೂತುಬಿಟ್ಟಳು. ನಾನೇ ಫೋನು ಎತ್ತಿಕೊಂಡೆ. ಕದ್ದು ಕಲಿತ ತುಳುವಿನಲ್ಲಿ, "ಇಲ್ಲ ಅಮ್ಮ, ಅವಳು ಇನ್ನೂ ತಿಂದಿಲ್ಲ. ನೀವು ಫೋನು ಇಡಬೇಡಿ. ಈಗ ಬಡಿಸ್ತೇನೆ, ನೀವೇ ಹೇಳಿ ತಿನ್ನಿಸಿ," ಅಂದೆ.